ಬಾಯಿ ಆಡಿಸಲು ಒಪ್ಪದ ಹಾಡುಗಾರ

ರಾಕ್ ಹಾಡಿನ ಯಾವುದಾದರೂ ವಿಡಿಯೊವನ್ನು ಒಮ್ಮೆ ಸದ್ದು ಅಡಗಿಸಿ ನೋಡಿ ಮಕ್ಕಳೇ. ಹಾಡು ಕೇಳದಿದ್ದರೂ ಅದು ರಾಕ್ ಎಂದು ಗೊತ್ತಾಗಿಬಿಡುತ್ತದೆ. ಕಪ್ಪು ಅಂಗಿ, ಬೆವರಿದ ಹಣೆ, ಹಾರುವ ಕೂದಲು. ಗಿಟಾರಿನ ತಂತಿಗಳ ಮೇಲೆ ಓಡುವ ಬೆರಳುಗಳು ತೆರೆಯ ತುಂಬ. ಡ್ರಮ್ಮಿಗೆ ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಚಿತ್ರ ಬದಲು. ಹಾಡುಗಾರನನ್ನು ಕ್ಯಾಮೆರಾ ನೆಲಮಟ್ಟದಿಂದ ನೋಡುತ್ತದೆ. ಐದಡಿಯ ಹುಡುಗನೂ ಗೊಮ್ಮಟನಂತೆ ಕಾಣಬೇಕಲ್ಲ! ನಡುನಡುವೆ ಒಂದು ಪುಟ್ಟ ಕಥೆ.

ಕೊಳ್ಳೇಗಾಲದಲ್ಲಿ ಓದುವ ನನ್ನ ಮೊಮ್ಮಗಳು ಮತ್ತು ಅವಳ ನಾಲ್ವರು ಗೆಳೆಯರು ಕಳೆದ ರಜೆಯಲ್ಲಿ ಇಂಥದೊಂದು ವಿಡಿಯೊ ಮಾಡಿದರು. ಹಾಡು ಅವರದೇ. ಡ್ರಮ್ಸ್ ಬಾರಿಸುವವಳು ಮೊಮ್ಮಗಳು. ಗಾಡಿ ಓಡಿಸುವವನು, ಬುತ್ತಿ ಕಾಯುವವನು ನಾನು.

ಈ ಕಟ್ಟುಪಾಡುಗಳು ಒಂದೇ ದಿನದಲ್ಲಿ ಹುಟ್ಟಿದವಲ್ಲ. 1966ರಲ್ಲಿ ಬೀಟಲ್ಸ್ ತಂಡದವರು ಟಿವಿಗಳಿಗೆ ತಾವು ಹೋಗುವ ಬದಲು ಹಾಡಿನ ಚಿತ್ರ ಮಾಡಿ ಕಳುಹಿಸಿದರು. 1975ರಲ್ಲಿ ಕ್ವೀನ್ ತಂಡ ‘ಬೊಹೀಮಿಯನ್ ರ‍್ಯಾಪ್ಸೊಡಿ’ಗೆ ಮಾಡಿದ ವಿಡಿಯೊದಲ್ಲಿ ಕತ್ತಲಲ್ಲಿ ತೇಲುವ ನಾಲ್ಕು ಮುಖಗಳನ್ನು ಇಂದಿಗೂ ಹುಡುಗರು ನಕಲು ಮಾಡುತ್ತಾರೆ. ಅದರ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಓದಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಪಂಚಗಣಿಯಲ್ಲಿ. ಅವನ ಮೊದಲ ತಂಡವೂ ಶಾಲಾ ಹುಡುಗರದೇ! 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಶುರುವಾದ ಮೇಲೆ ವಿಡಿಯೊ ಇಲ್ಲದ ಹಾಡೇ ಇಲ್ಲವೆಂಬಂತಾಯಿತು.

ರಾಕ್‌ನವರಿಗೆ ಪಾಳು ಕಾರ್ಖಾನೆ ಎಂದರೆ ಬಲು ಪ್ರೀತಿ. ನಮ್ಮದು ರೇಷ್ಮೆಯ ಊರು. ನಮ್ಮ ಹುಡುಗರಿಗೆ ನೂಲು ಬಿಚ್ಚುವ ಹಳೆಯ ಶೆಡ್ಡೊಂದು ಸಿಕ್ಕಿತು. ಗೂಡು ಬೇಯಿಸಿದ ವಾಸನೆ ಇನ್ನೂ ಗೋಡೆಯಲ್ಲಿತ್ತು. ಗಿಟಾರಿಗೆ ಕರೆಂಟಿನ ವೈರು ಎಳೆಯುತ್ತಿದ್ದಾಗ, ಪಕ್ಕದ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದ ಕಥೆ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ವಿಡಿಯೊದ ಕಥೆ ಇಷ್ಟೇ: ಯಳಂದೂರಿನ ಹುಡುಗಿಯೊಬ್ಬಳು ಅಜ್ಜ ಹಾಡುತ್ತಿದ್ದ ಹಾಡನ್ನು ಹುಡುಕಿಕೊಂಡು ಬಸ್ಸು ಹತ್ತುತ್ತಾಳೆ. ಹನೂರಿನ ಕಡೆ ಕಂಸಾಳೆಯವರೊಬ್ಬರು ಸಿಗುತ್ತಾರೆ. ರಾಕ್‌ಗೂ ಮಾದಪ್ಪನಿಗೂ ನೆಂಟಸ್ತಿಕೆ ಹೊಸದಲ್ಲ. 2008ರ ‘ಸೈಕೋ’ ಚಿತ್ರಕ್ಕೆ ರಘು ದೀಕ್ಷಿತ್ ಮಾಡಿದ ಮಾದೇಶ್ವರನ ಹಾಡನ್ನು ನೀವೂ ಕೇಳಿರುತ್ತೀರಿ.

ಕಥೆಗೆ ಬೇಕಾದ ಹಿರಿಯರು ಸಿಕ್ಕರು. ಎಪ್ಪತ್ತು ದಾಟಿದ ದೇವರಗುಡ್ಡರು. ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಹಾಡು ಮೊದಲೇ ರೆಕಾರ್ಡ್ ಆಗಿತ್ತು. ಅದನ್ನು ಸ್ಪೀಕರಿನಲ್ಲಿ ಹಾಕುತ್ತೇವೆ, ನೀವು ಬಾಯಿ ಆಡಿಸಿದರೆ ಸಾಕು ತಾತ ಎಂದರು ಹುಡುಗರು. ಇದೂ ಕಟ್ಟುಪಾಡೇ. ಹತ್ತು ಸಲ ಹತ್ತು ಕಡೆಯಿಂದ ಚಿತ್ರ ತೆಗೆದು ಜೋಡಿಸುವಾಗ ದನಿ ಒಂದೇ ಇರಬೇಕಲ್ಲ.

ತಾತ ಕಂಸಾಳೆ ಕೆಳಗಿಟ್ಟರು.

“ಬರೀ ಬಾಯಿ ಆಡುಸದಾ? ಗುರು ಕೊಟ್ಟ ಕಂಸಾಳ ಕಣ್ ಕೂಸು ಇದು. ಮಾದಪ್ಪನ ಹೆಸ್ರ ಸುಳ್ ಸುಳ್ಳೇ ಹೇಳಕಾದ್ದಾ?”

ಕಂಸಾಳೆ ಅಂಗಡಿಯಲ್ಲಿ ಕೊಂಡು ಬಾರಿಸುವ ವಾದ್ಯ ಮಾತ್ರವಲ್ಲ. ಗುಡ್ಡರಾದವರು ದೀಕ್ಷೆ ಪಡೆದು ಹಿಡಿಯುವಂಥದು. ತಾತನ ಮಾತು ನನಗೆ ಸರಿಯೆನಿಸಿತು. ಒಬ್ಬ ಹುಡುಗ ಮಾತ್ರ, ಬೇರೆ ಯಾರಿಗಾದರೂ ವೇಷ ಹಾಕಿಸೋಣ ಎಂದ. ಮೊಮ್ಮಗಳು ಅವನನ್ನು ನೋಡಿದ ನೋಟಕ್ಕೆ ಅವನು ಇಡ್ಲಿ ಡಬ್ಬದ ಕಡೆ ತಿರುಗಿದ. ಅರ್ಧ ಗಂಟೆ ಮರದಡಿ ವಾಗ್ವಾದ ನಡೆಯಿತು. ವಿಡಿಯೊ ಕಾಲೇಜಿಗೆ ಒಪ್ಪಿಸಲು ಉಳಿದದ್ದು ಆರೇ ದಿನ.

ಕೊನೆಗೆ ತಾತ ನಿಜವಾಗಿ ಹಾಡುವುದೆಂದಾಯಿತು. ಒಂದೇ ಸಲ, ಕತ್ತರಿ ಇಲ್ಲ. ಕ್ಯಾಮೆರಾ ನೆಲದ ಮೇಲಲ್ಲ, ಕುಳಿತ ತಾತನ ಕಣ್ಣಿನ ಮಟ್ಟಕ್ಕೆ. ಹಾಡು ಶುರುವಾದಾಗ ಅಲ್ಲಿದ್ದ ಕೋಳಿಗಳೂ ಸುಮ್ಮನಾದವು ಎಂದರೆ ನಂಬುತ್ತೀರಾ?

ಮನೆಗೆ ಬಂದ ಮೇಲೆ ಹೊಸ ಫಜೀತಿ. ಹುಡುಗರ ಡ್ರಮ್ಸ್ ಕಂಪ್ಯೂಟರಿನ ಲೆಕ್ಕಕ್ಕೆ ಬಾರಿಸಿದ್ದು, ಮೊದಲಿಂದ ಕೊನೆವರೆಗೆ ಒಂದೇ ವೇಗ. ತಾತನ ಕಂಸಾಳೆ ಹಾಗಲ್ಲ. ಹಾಡು ಏರಿದಂತೆ ಅದೂ ಏರುತ್ತದೆ. ಎರಡೂ ಕೂಡುವುದೇ ಇಲ್ಲ. ತಾತನ ದನಿಯನ್ನು ಯಂತ್ರದಲ್ಲಿ ಎಳೆದು ಸರಿಮಾಡಬಹುದಿತ್ತು. ಮೊಮ್ಮಗಳು ಒಪ್ಪಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಆ ಕಂಸಾಳೆಯ ಹಿಂದೆ ತಾನೇ ಓಡಿ ಮೂರು ದಿನ ಹೊಸದಾಗಿ ಬಾರಿಸಿದಳು. ನಮ್ಮ ಬೀದಿಗೆ ನಿದ್ದೆಯಿಲ್ಲ.

ಐದನೆಯ ದಿನ ತಾತನಿಗೆ ಮೊಬೈಲಿನಲ್ಲಿ ತೋರಿಸಲು ಹೋದೆವು. ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದರು. ಆಮೇಲೆ ಗಿಟಾರಿನ ಹುಡುಗನನ್ನು ಕರೆದು ಕೇಳಿದರು: “ನಿನ್ ಬೆಳ್ಳ ಅಷ್ಟ್ ಸಲ ತೋರ್ಸಿದ್ದೀರಿ, ನನ್ ಕೈಯ ಒಂದ್ ಸಲಾನೂ ತೋರ್ಸಿಲ್ವಲ್ಲ ಮಗಾ?”

ಹುಡುಗ ಅಲ್ಲೇ ಕ್ಯಾಮೆರಾ ಬಿಚ್ಚಿದ. ತಾತ ಎದ್ದು ನಿಂತು, ದಾರದ ತುದಿಯಲ್ಲಿ ತಾಳವನ್ನು ತಲೆಯ ಮೇಲೆ ಬೀಸಿ ತಂದು ಬಟ್ಟಲಿಗೆ ಹೊಡೆದರು. ಠಣ್! ಆ ಒಂದು ಏಟು ಈಗ ವಿಡಿಯೊದ ಮೊದಲ ಚಿತ್ರ.