ಹಳೆ ಕಾರು ಕೊಳ್ಳುವ ಮುನ್ನ ದೀಪಗಳನ್ನು ಗಮನಿಸಿ

ನನ್ನ ತಂಗಿಯ ಪತಿ ಸೌದಿಯಲ್ಲಿ ಉದ್ಯೋಗದಲ್ಲಿದ್ದಾರೆ. ಊರಿನ ಮನೆಯಲ್ಲಿ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಶಾಲೆ, ಆಸ್ಪತ್ರೆ, ಪೇಟೆ ಎಲ್ಲದಕ್ಕೂ ಅವಳೊಬ್ಬಳೇ. ಸುರಿಯುವ ಮಳೆಯಲ್ಲಿ ಮಕ್ಕಳನ್ನು ಹಿಡಿದುಕೊಂಡು ರಿಕ್ಷಾಕ್ಕಾಗಿ ಕಾದು ಕಾದು ಸಾಕಾಗಿ ಆಕೆ ಡ್ರೈವಿಂಗ್ ಕಲಿತಳು. ಮೂರು ವರ್ಷ ಕೂಡಿಟ್ಟ ಹಣಕ್ಕೆ ಎರಡು ಬಳೆ ಮಾರಿದ ಹಣವನ್ನೂ ಸೇರಿಸಿ ಒಂದು ಹಳೆ ಕಾರು ಕೊಂಡಳು. ಹೊಳೆಯುವ ಬಣ್ಣ, ಹೊಸ ಸೀಟ್ ಕವರ್, ತಂಪಾದ ಏಸಿ. "ಏರ್‌ಬ್ಯಾಗ್ ಕೂಡ ಇದೆ, ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ ಗಾಡಿ" ಎಂದು ಮಾರುವವನು ಹೇಳಿದ್ದ. ಅವನು ಮಾತನಾಡಿದ್ದೆಲ್ಲ ಜೊತೆಗೆ ಹೋಗಿದ್ದ ನಮ್ಮ ತಮ್ಮನ ಮುಖ ನೋಡಿಯೇ. ತಮ್ಮನಿಗೋ ಬೈಕ್ ಬಿಟ್ಟರೆ ಬೇರೆ ಗೊತ್ತಿಲ್ಲ!

ಐದನೆಯ ದಿನ ಮೀಟರ್ ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರದ ದೀಪ ಹೊತ್ತಿಕೊಂಡಿತು. ಗ್ಯಾರೇಜಿಗೆ ಒಯ್ದಾಗ ಅಲ್ಲಿನ ಹುಡುಗ ಕೀ ತಿರುಗಿಸಿ ನೋಡಿ, "ಅಕ್ಕಾ, ಎಂಜಿನ್ ದೀಪದ ವಿಷಯ ಆಮೇಲೆ. ಏರ್‌ಬ್ಯಾಗಿನ ದೀಪ ಒಮ್ಮೆಯೂ ಉರಿಯಲಿಲ್ಲವಲ್ಲ, ಕೊಳ್ಳುವಾಗ ನೋಡಲಿಲ್ಲವಾ?" ಎಂದು ಕೇಳಿದ. ಮೀಟರ್ ಬಿಚ್ಚಿದಾಗ ಆ ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿತ್ತು. ಯಾವುದೋ ಹಿಂದಿನ ಅಪಘಾತದಲ್ಲಿ ಏರ್‌ಬ್ಯಾಗ್ ಉಬ್ಬಿ ಹೋಗಿತ್ತು. ಹೊಸದನ್ನು ಹಾಕದೆ ಸ್ಟೀರಿಂಗಿನ ಮುಚ್ಚಳವನ್ನು ಅಂಟಿಸಿ ಮಾರಿದ್ದರು. ಮಕ್ಕಳ ಸುರಕ್ಷತೆಗೆಂದು ಕೊಂಡ ವಾಹನದಲ್ಲಿ ಅವರ ತಾಯಿಯ ಎದುರಿಗಿದ್ದದ್ದು ಖಾಲಿ ಮುಚ್ಚಳ ಮಾತ್ರ!

ಈ ಘಟನೆಯ ನಂತರ ನಾನು ಆ ಹುಡುಗನನ್ನೇ ಕೂರಿಸಿಕೊಂಡು ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಎಂಜಿನಿನ ಒಳಗು ಹೊರಗು ತಿಳಿಯದ ಗೃಹಿಣಿಯೂ ಹತ್ತು ನಿಮಿಷದಲ್ಲಿ ಇದನ್ನು ಪರೀಕ್ಷಿಸಬಹುದು. ಬೇಕಾದದ್ದು ಎರಡು ಕಣ್ಣು ಮತ್ತು ಸ್ವಲ್ಪ ತಾಳ್ಮೆ.

ಬಣ್ಣಗಳ ಅರ್ಥ

ಮೀಟರ್ ಬೋರ್ಡಿನ ದೀಪಗಳು ಬಹುಮಟ್ಟಿಗೆ ರಸ್ತೆಯ ಸಿಗ್ನಲಿನಂತೆಯೇ. ಹಸಿರು ಮತ್ತು ನೀಲಿ ದೀಪಗಳು ಕೇವಲ ಮಾಹಿತಿ. ಇಂಡಿಕೇಟರ್ ಹಾಕಿದೆ, ಹೆಡ್‌ಲೈಟ್ ಉರಿಯುತ್ತಿದೆ ಎಂಬಂತೆ. ಹಳದಿ ದೀಪ ಎಂದರೆ ಏನೋ ದೋಷವಿದೆ, ಬೇಗ ತೋರಿಸಿ ಎಂದರ್ಥ. ಎಂಜಿನ್ ಮತ್ತು ಎಬಿಎಸ್ ಬ್ರೇಕಿನ ದೀಪಗಳು ಈ ಬಣ್ಣದವು. ಕೆಂಪು ದೀಪ ಎಂದರೆ ಅಪಾಯ. ಎಣ್ಣೆಯ ಹೂಜಿಯ ಚಿತ್ರ ಆಯಿಲ್ ಒತ್ತಡದ್ದು, ಬ್ಯಾಟರಿಯ ಚಿತ್ರ ಚಾರ್ಜಿಂಗಿನದ್ದು, ಥರ್ಮಾಮೀಟರಿನ ಚಿತ್ರ ಎಂಜಿನಿನ ಬಿಸಿಯದ್ದು. ಓಡುತ್ತಿರುವಾಗ ಆಯಿಲಿನ ಅಥವಾ ಬಿಸಿಯ ಕೆಂಪು ದೀಪ ಹೊತ್ತಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. 'ಮನೆ ಇಲ್ಲೇ ಹತ್ತಿರ' ಎಂದು ಓಡಿಸಿದರೆ ಎಂಜಿನ್ನೇ ಹಾಳಾಗಬಹುದು.

ಉರಿಯದ ದೀಪವೇ ಹೆಚ್ಚು ಅಪಾಯಕಾರಿ

ನಾವೆಲ್ಲ ತಪ್ಪುವುದು ಇಲ್ಲಿಯೇ. ಯಾವ ದೀಪವೂ ಉರಿಯದಿದ್ದರೆ ಗಾಡಿ ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಆದರೆ ಕೀ ತಿರುಗಿಸಿದಾಗ, ಎಂಜಿನ್ ಸ್ಟಾರ್ಟ್ ಆಗುವ ಮುನ್ನ, ಮುಖ್ಯವಾದ ಎಚ್ಚರಿಕೆಯ ದೀಪಗಳು ಒಮ್ಮೆ ಉರಿಯಲೇಬೇಕು. ತಮ್ಮ ದೀಪ ಕೆಲಸ ಮಾಡುತ್ತಿದೆಯೇ ಎಂದು ಕಾರು ತಾನೇ ಮಾಡಿಕೊಳ್ಳುವ ಪರೀಕ್ಷೆ ಅದು. ಆಮೇಲೆ ಅವು ಆರಬೇಕು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು: ಉರಿಯಬೇಕಾದದ್ದು ಉರಿಯಿತೇ? ಆರಬೇಕಾದದ್ದು ಆರಿತೇ?

ಕೀ ಹಾಕುವ ಕಾರಿನಲ್ಲಿ ಸ್ಟಾರ್ಟ್ ಮಾಡದೆ ಒಂದು ಹಂತ ಹಿಂದೆ ನಿಲ್ಲಿಸಿ. ಬಟನ್ ಒತ್ತುವ ಕಾರಾದರೆ ಕ್ಲಚ್ ಅಥವಾ ಬ್ರೇಕ್ ತುಳಿಯದೆ ಬಟನನ್ನು ಒಂದೆರಡು ಬಾರಿ ಒತ್ತಿದರೆ ಸಾಕು. ಎಂಜಿನ್, ಆಯಿಲ್, ಬ್ಯಾಟರಿ, ಏರ್‌ಬ್ಯಾಗ್, ಎಬಿಎಸ್ ದೀಪಗಳು ಕಂಡವೇ ನೋಡಿ. ಆ ಕಾರಿಗೆ ಯಾವ ಯಾವ ದೀಪಗಳಿವೆ ಎಂಬುದು ಕಂಪನಿ ಕೊಟ್ಟ ಪುಸ್ತಕದಲ್ಲಿರುತ್ತದೆ. ಮೊಬೈಲಿನಲ್ಲಿ ವೀಡಿಯೋ ಮಾಡಿಕೊಂಡರೆ ಮನೆಗೆ ಬಂದು ನಿಧಾನವಾಗಿ ನೋಡಬಹುದು. ಗಲ್ಫ್‌ನಲ್ಲಿರುವ ಪತಿಗೂ ಕಳುಹಿಸಬಹುದು.

ಒಂದು ದೀಪ ಉರಿಯಲೇ ಇಲ್ಲವೆಂದರೆ ಬಲ್ಬ್ ಕೆಟ್ಟಿರಬಹುದು, ಕಿತ್ತಿರಬಹುದು ಅಥವಾ ಟೇಪ್ ಅಂಟಿಸಿರಬಹುದು. ಇನ್ನೊಂದು ಉಪಾಯವೂ ಇದೆ. ಏರ್‌ಬ್ಯಾಗಿನ ದೀಪದ ವಯರನ್ನು ಆಯಿಲ್ ದೀಪಕ್ಕೋ ಬ್ಯಾಟರಿ ದೀಪಕ್ಕೋ ಜೋಡಿಸಿಬಿಡುತ್ತಾರೆ. ಆಗ ಅದು ಉರಿದು ಆರಿದಂತೆಯೇ ಕಾಣುತ್ತದೆ. ಸಾಮಾನ್ಯವಾಗಿ ಏರ್‌ಬ್ಯಾಗಿನ ದೀಪ ಸ್ಟಾರ್ಟ್ ಮಾಡದಿದ್ದರೂ ಕೆಲವು ಸೆಕೆಂಡಿನಲ್ಲಿ ತಾನಾಗಿ ಆರುತ್ತದೆ. ಆಯಿಲ್ ದೀಪ ಎಂಜಿನ್ ಸ್ಟಾರ್ಟ್ ಆದ ಮೇಲೆಯೇ ಆರುತ್ತದೆ. ಎರಡೂ ಒಂದೇ ಕ್ಷಣಕ್ಕೆ ಆರಿದರೆ ಸಂಶಯಪಡಿ.

ನಮ್ಮ ದೇಶದಲ್ಲಿ ಎಬಿಎಸ್ 2019ರ ಏಪ್ರಿಲ್‌ನಿಂದ, ಚಾಲಕರ ಏರ್‌ಬ್ಯಾಗ್ 2019ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಆನಂತರ ತಯಾರಾದ ಕಾರಿನಲ್ಲಿ ಈ ದೀಪಗಳು ಕಾಣದಿದ್ದರೆ "ಈ ಮಾಡೆಲಿಗೆ ಅದು ಬರುವುದಿಲ್ಲ" ಎಂಬ ಮಾತನ್ನು ನಂಬಬೇಡಿ.

ತಣ್ಣಗಿನ ಎಂಜಿನ್, ಅರ್ಧ ಗಂಟೆಯ ಓಟ

ನೋಡಲು ಹೋಗುವ ಮೊದಲೇ "ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿಬಿಡಿ. ತಲುಪಿದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಮೊದಲೇ ಓಡಿಸಿಟ್ಟಿದ್ದಾರೆ ಎಂದರ್ಥ. ಹಲವು ದೋಷಗಳು ತಣ್ಣಗಿನ ಎಂಜಿನನ್ನು ಸ್ಟಾರ್ಟ್ ಮಾಡುವಾಗಲೇ ಬಯಲಾಗುತ್ತವೆ.

ಬಳಿಕ ಕನಿಷ್ಠ ಅರ್ಧ ಗಂಟೆ ಓಡಿಸಿ. ಬೀದಿಯ ಕೊನೆಯ ತನಕ ಹೋಗಿ ಬಂದರೆ ಸಾಲದು. ಎಬಿಎಸ್‌ನ ಕೆಲವು ದೋಷಗಳು ಚಕ್ರ ತಿರುಗಿದ ಮೇಲೆಯೇ ಗೊತ್ತಾಗುತ್ತವೆ. ಏಸಿ ಹಾಕಿ ಒಂದು ಏರು ಹತ್ತಿಸಿ, ಬಿಸಿಯ ಮುಳ್ಳು ಮೇಲೇರುತ್ತದೆಯೇ ನೋಡಿ. ಹಿಂದೆ ಬಂದ ಮೇಲೆ ಎಂಜಿನ್ ಆಫ್ ಮಾಡದೆ ಐದು ನಿಮಿಷ ನಿಂತಲ್ಲೇ ಬಿಡಿ. ಬಿಸಿಯಾದ ಎಂಜಿನ್ ನಿಧಾನ ತಿರುಗುವಾಗ ಆಯಿಲ್ ದೀಪ ಮಿಣುಕಿದರೆ ಆಯಿಲ್ ಒತ್ತಡ ಕಡಿಮೆಯಿದೆ, ಎಂಜಿನ್ ಸವೆದಿರಬಹುದು. ಅಂಥ ಕಾರಿನಿಂದ ದೂರವಿರುವುದೇ ಲೇಸು.

ಎಂಜಿನ್ ದೀಪ ಸುಮ್ಮನೆ ಉರಿಯುವುದಕ್ಕೂ ಮಿಣಿ ಮಿಣಿ ಎನ್ನುವುದಕ್ಕೂ ವ್ಯತ್ಯಾಸವಿದೆ. ಪೆಟ್ರೋಲ್ ಕಾರಿನಲ್ಲಿ ಅದು ಮಿಣುಕಿದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಹಾಗೆಯೇ ಓಡಿಸಿದರೆ ಹೊಗೆ ಶುದ್ಧಗೊಳಿಸುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು.

ಅಳಿಸಿದ ದೋಷ ಮತ್ತೆ ಬರುತ್ತದೆ

ತಂಗಿಯ ಕಾರಿನಲ್ಲಿ ಎಂಜಿನ್ ದೀಪ ಐದು ದಿನ ಸುಮ್ಮನಿದ್ದದ್ದೇಕೆ? ಕಾರಿನ ಕಂಪ್ಯೂಟರ್ ದೋಷವನ್ನು ಒಂದು ಸಂಖ್ಯೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಉದಾಹರಣೆಗೆ ಪಿ 0420 ಎಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು. ಈ ಸಂಖ್ಯೆಯನ್ನು ಸ್ಕ್ಯಾನರಿನಿಂದ ಅಳಿಸಿದರೆ ದೀಪ ಆರುತ್ತದೆ. ಅನೇಕ ಕಾರುಗಳಲ್ಲಿ ಬ್ಯಾಟರಿಯ ವಯರ್ ಕಳಚಿದರೂ ಸಾಕು. ಆದರೆ ರೋಗ ಅಲ್ಲೇ ಇರುತ್ತದೆ. ಕೆಲವು ದಿನ ಓಡಿದ ಮೇಲೆ ಕಂಪ್ಯೂಟರ್ ಮತ್ತೆ ಅದನ್ನು ಕಂಡುಹಿಡಿಯುತ್ತದೆ.

ಇದನ್ನು ಪತ್ತೆ ಹಚ್ಚಲು ಕೊಳ್ಳುವ ಮೊದಲೇ ನಿಮ್ಮ ಪರಿಚಯದ ಮೆಕ್ಯಾನಿಕ್‌ನಿಂದ ಸ್ಕ್ಯಾನ್ ಮಾಡಿಸಿ. ಮಾರುವವರು ಹೇಳಿದ ಗ್ಯಾರೇಜಿಗೆ ಹೋಗಬೇಡಿ. ಭಾರತ್ ಸ್ಟೇಜ್ 4ರ ಕಾರುಗಳಿಗೆ 2013ರ ಏಪ್ರಿಲ್‌ನಿಂದ ಓಬಿಡಿ-2 ಎಂಬ ವ್ಯವಸ್ಥೆ ಕಡ್ಡಾಯವಾಗಿದೆ. ಅದರ 16 ಪಿನ್ನಿನ ಸಾಕೆಟ್ ಸಾಮಾನ್ಯವಾಗಿ ಸ್ಟೀರಿಂಗಿನ ಕೆಳಗಡೆ ಇರುತ್ತದೆ. ಮೆಕ್ಯಾನಿಕ್‌ಗೆ ಮೂರು ವಿಷಯ ಕೇಳಿ. ಈಗ ಯಾವ ದೋಷದ ಸಂಖ್ಯೆ ಇದೆ? ದೋಷ ಅಳಿಸಿದ ಮೇಲೆ ಕಾರು ಎಷ್ಟು ಕಿಲೋಮೀಟರ್ ಓಡಿದೆ? ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳೆಲ್ಲ ಪೂರ್ಣವಾಗಿವೆಯೇ? ಅಳಿಸಿ 20 ಕಿಲೋಮೀಟರ್ ಮಾತ್ರ ಓಡಿದ್ದರೆ, ಪರೀಕ್ಷೆಗಳು ಅಪೂರ್ಣವಾಗಿದ್ದರೆ, ಯಾರೋ ಮೊನ್ನೆ ತಾನೇ ಗುಡಿಸಿ ಇಟ್ಟಿದ್ದಾರೆ ಎಂದು ತಿಳಿಯಿರಿ. ಗಡಿಯಾರ ತಪ್ಪು ಸಮಯ ತೋರಿಸುವುದು, ರೇಡಿಯೋದಲ್ಲಿ ಯಾವ ಸ್ಟೇಷನ್ನೂ ಉಳಿದಿಲ್ಲದಿರುವುದು ಕೂಡ ಬ್ಯಾಟರಿ ಕಳಚಿದ್ದರ ಗುರುತಾಗಿರಬಹುದು.

ಎಲ್ಲ ದೀಪವೂ ದೊಡ್ಡ ರೋಗವಲ್ಲ

ಹಾಗೆಂದು ದೀಪ ಕಂಡ ಕೂಡಲೇ ಹೆದರಬೇಕಿಲ್ಲ. ಇಲಿ ಕಡಿದ ಒಂದು ವಯರ್, ಕೆಟ್ಟ ಸೆನ್ಸರ್, ದುರ್ಬಲ ಬ್ಯಾಟರಿ ಕೂಡ ಕಾರಣವಾಗಬಹುದು. ಆದರೆ ಹಲವು ದೀಪಗಳು ಒಟ್ಟಿಗೆ ಬಂದು ಹೋಗುತ್ತಿದ್ದರೆ ಕಾರು ನೆರೆಯ ನೀರಿನಲ್ಲಿ ನಿಂತಿತ್ತೇ ಎಂದು ಪರೀಕ್ಷಿಸಿ. ಮ್ಯಾಟ್ ಎತ್ತಿ ವಾಸನೆ ನೋಡಿ, ಸೀಟಿನ ಕೆಳಗಿನ ತುಕ್ಕು ನೋಡಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಕಲೆ ಇದೆಯೇ ನೋಡಿ.

ಡೀಸೆಲ್ ಕಾರಾದರೆ ಇನ್ನೊಂದು ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಶಾಲೆಗೆ, ಪೇಟೆಗೆ ಎಂದು ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಅದು ಕಟ್ಟಿಕೊಂಡು ದೀಪ ಬರುತ್ತದೆ. ಸಣ್ಣ ಓಡಾಟದ ಮನೆಗೆ ಪೆಟ್ರೋಲ್ ಕಾರೇ ಅನುಕೂಲ.

"ಇದು ಬರೀ ಸೆನ್ಸರ್, ಐನೂರು ರೂಪಾಯಿಯ ಕೆಲಸ" ಎಂದು ಮಾರುವವರು ಹೇಳಿದರೆ ಉತ್ತರ ಸುಲಭ: "ಹಾಗಾದರೆ ನೀವೇ ಸರಿ ಮಾಡಿಸಿ ಕೊಡಿ. ಆಮೇಲೆ ಇನ್ನೊಮ್ಮೆ ಓಡಿಸಿ ನೋಡಿ ಹಣ ಕೊಡುತ್ತೇವೆ." ನಿಜವಾಗಿ ಐನೂರರ ಕೆಲಸವಾಗಿದ್ದರೆ ಅವರು ಖಂಡಿತ ಮಾಡಿಸುತ್ತಾರೆ. ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಅಲ್ಲಿಯ ತನಕ ಅಡ್ವಾನ್ಸ್ ಕೊಡಬೇಡಿ.

ಸಹೋದರಿಯರೇ, ಕಾರು ನೋಡಲು ಹೋಗುವಾಗ ಮನೆಯ ಗಂಡಸರು ಜೊತೆಗಿರಲಿ. ಆದರೆ ಓಡಿಸುವವರು ನೀವಾದರೆ ಚಾಲಕನ ಸೀಟಿನಲ್ಲಿ ಕುಳಿತು ಕೀ ತಿರುಗಿಸುವವರೂ ನೀವೇ ಆಗಿರಿ. ಸೀರೆಯ ಅಂಚು, ಮೀನಿನ ಕಿವಿರು ನೋಡಿ ಕೊಳ್ಳುವ ನಮಗೆ ಏಳೆಂಟು ದೀಪ ನೋಡುವುದು ದೊಡ್ಡ ವಿದ್ಯೆಯೇನಲ್ಲ.

ತಂಗಿಯ ಕಾರಿನ ಕಥೆ ಏನಾಯಿತು ಎಂದು ಕೇಳುತ್ತೀರಾ? ಮಾರಿದವನು ಫೋನ್ ಎತ್ತಲಿಲ್ಲ. ಒಬ್ಬ ಬ್ರೋಕರ್ ಬಂದು, "ದೀಪ ಆರಿಸಿ ಕೊಡುತ್ತೇನೆ, ಟೇಪ್ ಹಾಗೆಯೇ ಇರಲಿ, ವಾರದೊಳಗೆ ಮಾರಿಬಿಡಿ, ನಿಮ್ಮ ಹಣ ನಿಮಗೆ ಬರುತ್ತದೆ" ಎಂದ. ಬಳೆ ಮಾರಿದ ಹಣವದು. ಅವಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಬೆಳಿಗ್ಗೆ ಆಕೆ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಅಕ್ಕಾ, ಅದರಲ್ಲಿ ಇನ್ಯಾರದೋ ಮಕ್ಕಳು ಕೂರುತ್ತಾರಲ್ಲ!"

ದೋಷ ಮುಚ್ಚಿಟ್ಟು ಮಾರಬಾರದೆಂಬುದು ನಾವು ಚಿಕ್ಕಂದಿನಿಂದ ಕಲಿತ ಪಾಠ. ಆ ಪಾಠದ ಬೆಲೆ ಅವಳಿಗೆ ಮೂವತ್ತೆಂಟು ಸಾವಿರ ರೂಪಾಯಿಯಾಯಿತು. ಹೊಸ ಏರ್‌ಬ್ಯಾಗ್ ಹಾಕಿಸಿದಳು, ಕಂತಿನಲ್ಲಿ ಹಣ ತೀರಿಸಿದಳು. ಈಗ ಪ್ರತಿದಿನ ಬೆಳಿಗ್ಗೆ ಕೀ ತಿರುಗಿಸಿದಾಗ ಹಿಂದಿನ ಸೀಟಿನಿಂದ ಮಗಳು ದೀಪಗಳನ್ನು ಎಣಿಸುತ್ತಾಳೆ. ಎಲ್ಲವೂ ಉರಿದು, ಎಲ್ಲವೂ ಆರಿದ ಮೇಲೆಯೇ ಅವರ ಕಾರು ಗೇಟು ದಾಟುತ್ತದೆ.