ತೈಲಬಾವಿಯ ಜ್ವಾಲೆಗಳಲ್ಲಿ ಉಳಿಯುವ ಮೀಥೇನ್: ಲೇಸರ್ ಮಾಪನದ ಕ್ರಮ

ತೈಲಬಾವಿಗಳಿಂದ ಎಣ್ಣೆಯೊಡನೆ ಮೇಲೇರುವ ಅನಿಲವನ್ನು ಸಾಗಿಸಲು ಅನುಕೂಲವಿಲ್ಲದೆಡೆ, ಎತ್ತರವಾದ ಕೊಳವೆಯ ತುದಿಯಲ್ಲಿ ಅದನ್ನು ಉರಿಸಿಬಿಡುವುದು ವಾಡಿಕೆ. ಇದರ ಮುಖ್ಯಾಂಶವಾದ ಮೀಥೇನ್ ಉರಿಯದೆ ಹೊರಬಿದ್ದರೆ ಇಂಗಾಲದ ಡೈಆಕ್ಸೈಡಿಗಿಂತ ಬಹಳ ಹೆಚ್ಚಾಗಿ ಶಾಖವನ್ನು ತಡೆಹಿಡಿಯುತ್ತದೆ. ನೂರರಲ್ಲಿ ೯೮ ಪಾಲು ಉರಿದುಹೋಗುವುದೆಂದು ಅಮೆರಿಕದ ಲೆಕ್ಕಗಳಲ್ಲಿ ಬಹುಕಾಲ ಭಾವಿಸಲಾಗಿತ್ತು. ಜ್ವಾಲೆಯೊಳಗೆ ಉಪಕರಣವನ್ನಿಡುವಂತಿಲ್ಲ, ಹಾಗಾದರೆ ಪರೀಕ್ಷಿಸುವುದೆಂತು?

ಮೀಥೇನ್ ಅಣುಗಳು ಸುಮಾರು ೧.೬೫ ಮೈಕ್ರಾನ್ ತರಂಗಾಂತರದ ಅವಕೆಂಪು ಕಿರಣವನ್ನು ಹೀರುತ್ತವೆ. ಜ್ವಾಲೆಯ ಹೊಗೆಯನ್ನು ಹಾದುಹೋಗುವ ವಿಮಾನವು ಗಾಳಿಯನ್ನು ಸಣ್ಣ ಕೋಶವೊಂದಕ್ಕೆ ಸೆಳೆದುಕೊಳ್ಳುತ್ತದೆ. ಅಲ್ಲಿ ಲೇಸರ್ ಕಿರಣವು ಕನ್ನಡಿಗಳ ನಡುವೆ ಮತ್ತೆ ಮತ್ತೆ ಪ್ರತಿಫಲಿಸಿ ಹಲವು ಕಿಲೋಮೀಟರುಗಳ ಹಾದಿಯನ್ನು ಕ್ರಮಿಸುತ್ತದೆ. ಲೇಸರನ್ನು ಆರಿಸಿದಮೇಲೆ ಕೋಶದೊಳಗಿನ ಬೆಳಕು ಎಷ್ಟು ಬೇಗ ಕ್ಷಯಿಸುವುದೋ ಅದರಿಂದ ಮೀಥೇನಿನ ಪರಿಮಾಣ ತಿಳಿಯುತ್ತದೆ. ಡೈಆಕ್ಸೈಡನ್ನೂ ಬೇರೊಂದು ತರಂಗಾಂತರದಲ್ಲಿ ಹೀಗೆಯೇ ಅಳೆಯಬಹುದು. ಗಾಳಿಯು ಹೊಗೆಯನ್ನು ಎಷ್ಟೇ ತೆಳುಗೊಳಿಸಲಿ, ಸುತ್ತಣ ವಾಯುವಿನಲ್ಲಿ ಮೊದಲೇ ಇದ್ದುದನ್ನು ಕಳೆದರೆ ಇವೆರಡರ ಅನುಪಾತ ಬದಲಾಗದು. ವಿಧಾನದ ಸೊಗಸಿರುವುದು ಇಲ್ಲಿಯೇ.

ಟೆಕ್ಸಾಸ್, ಉತ್ತರ ಡಕೋಟ ಮುಂತಾದೆಡೆಗಳ ತೈಲಕ್ಷೇತ್ರಗಳ ಮೇಲೆ ೨೦೨೦ ಮತ್ತು ೨೦೨೧ರಲ್ಲಿ ಹಾರಿ ಅಳೆದ ಫಲಿತಾಂಶವು ೨೦೨೨ರಲ್ಲಿ ಪ್ರಕಟವಾಯಿತು. ಆರಿಹೋದ ಕೊಳವೆಗಳನ್ನೂ ಲೆಕ್ಕಕ್ಕೆ ಸೇರಿಸಿದರೆ, ನಾಶವಾಗುವುದು ಸುಮಾರು ೯೧ ಪಾಲು ಮಾತ್ರ. ವ್ಯತ್ಯಾಸ ಏಳೇ ಎಂದು ವಿದ್ಯಾರ್ಥಿಗಳಿಗೆ ತೋರಬಹುದು. ಆದರೆ ವಾಯುಮಂಡಲವನ್ನು ಸೇರುವುದು ಎರಡು ಪಾಲಲ್ಲ, ಒಂಬತ್ತು. ಆರಿದ ಕೊಳವೆಯಾದರೋ ಕಣ್ಣಿಗೆ ನಿರಪಾಯವೆನಿಸುತ್ತದೆ. ಅದರ ಬಾಯಿಂದ ಹೊರಡುವ ಮೀಥೇನಿನಲ್ಲಿ ಒಂದು ಪಾಲೂ ಉರಿದಿರುವುದಿಲ್ಲ.