ಚಿತ್ರವನ್ನು ಓದುವ ವಿದ್ಯೆ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯನ್ನು ನಮ್ಮ ಹಿರಿಯರು ಮೊಬೈಲಿನ ಕಾಲಕ್ಕೆ ಬಹು ಮುಂಚೆಯೇ ಕಟ್ಟಿಟ್ಟಿರುವರು. ಅಕ್ಷರವನ್ನು ಓದಲು ಬಾಲಿಕೆಗೆ ಕೆಲವು ವರ್ಷಗಳ ಶಿಕ್ಷಣವು ಬೇಕೆಂಬುದನ್ನು ಎಲ್ಲರೂ ಒಪ್ಪುವರು. ಚಿತ್ರವನ್ನು ಮಾತ್ರ ಕಣ್ಣಿದ್ದವರೆಲ್ಲರೂ ತಾವಾಗಿಯೇ ಓದಬಲ್ಲರೆಂದು ಭಾವಿಸಿರುವೆವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮನೆಗಳಿಗೆ ಇಂದು ಹಗಲಿರುಳೂ ಚಿತ್ರಗಳು ಬಂದು ಸುರಿಯುತ್ತಿರುವುದರಿಂದ ಈ ಓದನ್ನೂ ಶಾಲೆಯಲ್ಲಿಯೇ ಕಲಿಸುವುದು ಅವಶ್ಯವಾಗಿದೆ. ಅದರ ಕ್ರಮವನ್ನು ಪೂರ್ವವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಅವಗಾಹನೆಗೆ ತರುವುದೇ ಈ ಲೇಖನದ ಉದ್ದೇಶವು.

ಮೊದಲ ಪಾಠಕ್ಕಾಗಿ ದೂರ ಹೋಗಬೇಕಾಗಿಲ್ಲ. ಚಿತ್ತಾಪುರ ತಾಲೂಕಿನಲ್ಲಿ, ಸನ್ನತಿಯ ಬಳಿ, ಭೀಮಾನದಿಯ ದಂಡೆಯ ಮೇಲೆ ಕನಗನಹಳ್ಳಿ ಎಂಬ ಗ್ರಾಮವಿದೆ. ೧೯೯೦ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು ಅಲ್ಲಿ ಅಗೆದಾಗ ಬೌದ್ಧರ ಮಹಾಸ್ತೂಪವೊಂದು ಹೊರಬಿದ್ದಿತು. ಅದರ ಸುಣ್ಣಕಲ್ಲಿನ ಫಲಕವೊಂದರಲ್ಲಿ ರಾಜನೊಬ್ಬನು ರಾಣಿಯೊಡನೆ ಪರಿಚಾರಿಕೆಯರ ನಡುವೆ ನಿಂತಿರುವನು. ‘ರಾಯ ಅಸೋಕೋ’ ಎಂದು ಬ್ರಾಹ್ಮೀ ಲಿಪಿಯಲ್ಲಿ ಅದೇ ಕಲ್ಲಿನ ಮೇಲೆ ಬರೆದಿದೆ. ಈ ಎರಡು ಶಬ್ದಗಳು ಇರದಿದ್ದರೆ ಅವನು ಯಾರೋ ಒಬ್ಬ ರಾಜನಾಗಿಯೇ ಉಳಿಯುತ್ತಿದ್ದನು. ಇಲ್ಲಿಗೆ ಪಾಠವು ಮುಗಿಯಲಿಲ್ಲ. ಅಶೋಕನ ಮುಖವು ನಿಜವಾಗಿಯೂ ಹೀಗೆಯೇ ಇತ್ತೇ ಎಂದು ಬಾಲಿಕೆಯರನ್ನು ಕೇಳಬೇಕು. ಶಿಲ್ಪವನ್ನು ಕೆತ್ತಿದ್ದು ಅವನು ಗತಿಸಿ ನೂರು ವರ್ಷಗಳಿಗೂ ಮಿಕ್ಕಿದ ಮೇಲೆ. ಶಿಲ್ಪಿಯು ಅವನನ್ನು ಕಂಡವನೇ ಅಲ್ಲ. ಹಾಗಾದರೆ ಈ ಕಲ್ಲು ಅಶೋಕನ ರೂಪಕ್ಕೆ ಸಾಕ್ಷಿಯಾಗಲಾರದು. ಭೀಮಾತೀರದ ಜನರು ಅವನ ಸ್ಮರಣೆಯನ್ನು ಉಳಿಸಿಕೊಂಡಿದ್ದರೆಂಬುದಕ್ಕೆ ಸಾಕ್ಷಿಯಾಗುವುದು. ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಎಂಬುದನ್ನು ಹುಡುಗಿಯು ಬಿಡಿಸಿ ಹೇಳಿದಳೆಂದರೆ ಅವಳಿಗೆ ಓದು ಹತ್ತಿತೆಂದು ತಿಳಿಯಬಹುದು.

ಜಾಲದ ಚಿತ್ರಗಳ ಹೆಸರು ಹೀಗೆ ಕಲ್ಲಿನಲ್ಲಿ ಕೊರೆದದ್ದಲ್ಲ; ಯಾರು ಬೇಕಾದರೂ ಕಿತ್ತು ಬೇರೆಯದನ್ನು ಅಂಟಿಸಬಹುದು. ಚಿಂಚೋಳಿಯ ಕಾಡಿನ ಎತ್ತಿಪೋತ ಜಲಪಾತವನ್ನು ನಮ್ಮವರು ಬಲ್ಲರು. ಬಹುಮಟ್ಟಿಗೆ ಇದೇ ಹೆಸರಿನ, ಹೆಚ್ಚು ಪ್ರಸಿದ್ಧವಾದ ಇನ್ನೊಂದು ಜಲಪಾತವು ಆಂಧ್ರದಲ್ಲಿ ನಾಗಾರ್ಜುನಸಾಗರದ ಸಮೀಪದಲ್ಲಿರುವುದು. ಹೆಸರನ್ನು ಮಾತ್ರ ನಂಬಿ ಹುಡುಕುವವರಿಗೆ ಒಂದರ ಬದಲು ಇನ್ನೊಂದು ಸಿಕ್ಕರೆ ಆಶ್ಚರ್ಯವಿಲ್ಲ. ಇದರಿಂದ ಯಾರಿಗೂ ಹಾನಿಯಿಲ್ಲ. ಆದರೆ ೨೦೨೦ರ ಅಕ್ಟೋಬರದಲ್ಲಿ ಕಾಗಿಣಾ, ಭೀಮೆಗಳು ಉಕ್ಕಿದಾಗ ತೆಗೆದ ಚಿತ್ರವನ್ನು ಬೇರೊಂದು ಮಳೆಗಾಲದಲ್ಲಿ ‘ಇಂದು ಬೆಳಿಗ್ಗೆ’ ಎಂದು ಬರೆದು ಕಳುಹಿಸಿದರೆ, ಚಿತ್ರದ ಒಂದು ಚುಕ್ಕೆಯೂ ಸುಳ್ಳಾಗದೆ ಊರೆಲ್ಲವೂ ಗಾಬರಿಗೊಳ್ಳುವುದು.

ಆದುದರಿಂದ ಚಿತ್ರದ ನಡುವಿರುವುದಕ್ಕಿಂತ ಅದರ ಅಂಚನ್ನು ಮೊದಲು ನೋಡಲು ಕಲಿಸಬೇಕು. ಅಂಗಡಿಯ ಹಲಗೆಯು ಯಾವ ಲಿಪಿಯಲ್ಲಿದೆ? ವಾಹನದ ಸಂಖ್ಯೆಯು ನಮ್ಮ ಕಲಬುರಗಿಯ ಕೆ.ಎ. ೩೨ ಆಗಿದೆಯೇ? ಹೊಲದಲ್ಲಿ ತೊಗರಿಯಿದೆಯೇ, ತೆಂಗಿದೆಯೇ? ಆ ಮೇಲೆ ಗೂಗಲ್ ಲೆನ್ಸ್ ಮೊದಲಾದ ಸಾಧನಗಳಿಗೆ ಆ ಚಿತ್ರವನ್ನೇ ಒಪ್ಪಿಸಿದರೆ, ಅದು ಅಥವಾ ಅದನ್ನು ಹೋಲುವುದು ಹಿಂದೆ ಎಲ್ಲಿ ಪ್ರಕಟವಾಗಿತ್ತೆಂಬುದು ಅನೇಕ ವೇಳೆ ತಿಳಿಯುವುದು. ಏನೂ ಸಿಕ್ಕದಿದ್ದ ಮಾತ್ರಕ್ಕೆ ಚಿತ್ರವು ನಿಜವೆಂದು ಹೇಳಬರುವುದಿಲ್ಲ.

ಇಷ್ಟು ಶ್ರಮವೇಕೆಂದು ಕೇಳುವವರು ೨೦೧೮ನೆಯ ವರ್ಷವನ್ನು ನೆನೆಯಬೇಕು. ಮಕ್ಕಳ ಕಳ್ಳರು ಬಂದಿರುವರೆಂಬ ಸುದ್ದಿಯು ಆಗ ದೇಶದಲ್ಲೆಲ್ಲ ಹರಡಿತ್ತು. ಹರಿದಾಡಿದ ಚಲಚ್ಚಿತ್ರಗಳಲ್ಲಿ ಒಂದು, ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ತಿಳಿವಳಿಕೆಗಾಗಿ ನಟಿಸಿ ತೆಗೆದದ್ದು. ಮಗುವನ್ನು ಮರಳಿ ಒಪ್ಪಿಸುವ ಅದರ ಕೊನೆಯ ಭಾಗವನ್ನು ಕತ್ತರಿಸಿದ್ದರು. ಅದೇ ಜುಲೈ ೧೩ರಂದು, ಚಿಂಚೋಳಿಗೆ ನೆರೆಯಾದ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಪ್ರವಾಸಿಗಳನ್ನು ಕಳ್ಳರೆಂದು ಬಗೆದು, ವಾಟ್ಸಾಪಿನಲ್ಲಿ ಮುಂದಿನ ಊರಿಗೆ ಸುದ್ದಿ ಮುಟ್ಟಿಸಿ, ದಾರಿಗಟ್ಟಿ ಹೊಡೆದರು. ಹೈದರಾಬಾದಿನ ತರುಣ ಎಂಜಿನಿಯರನೊಬ್ಬನು ಸತ್ತನು. ಆ ತಿಂಗಳಲ್ಲಿಯೇ ವಾಟ್ಸಾಪಿನವರು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಸಾಗಿಸುವ ಮಿತಿಯನ್ನು ಸಾರಿದರು. ನೆರೆಯವನ ಮೇಲೆ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ದೇವಾಜ್ಞೆಯನ್ನು ನಮ್ಮ ಶಾಲೆಯ ಮಕ್ಕಳು ಬಾಯಿಪಾಠವಾಗಿ ಬಲ್ಲರು. ಚಿತ್ರವನ್ನು ಮುಂದಕ್ಕೆ ಸಾಗಿಸುವುದೂ ಸಾಕ್ಷಿ ನುಡಿಯುವುದೇ ಎಂಬುದನ್ನು ಅವರಿಗೆ ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ.

ಹುಡುಗಿಯರ ಸ್ವಂತ ಚಿತ್ರಗಳ ವಿಷಯವು ಇನ್ನೂ ಸೂಕ್ಷ್ಮವಾದದ್ದು. ೨೦೨೩ರ ನವೆಂಬರದಲ್ಲಿ ಕೊಡಗಿನ ಚಿತ್ರನಟಿ ರಶ್ಮಿಕಾ ಮಂದಣ್ಣರ ಮುಖವನ್ನು ಬೇರೊಬ್ಬ ಮಹಿಳೆಯ ಚಲಚ್ಚಿತ್ರಕ್ಕೆ ಕೃತಕ ಬುದ್ಧಿಯ ಯಂತ್ರದಿಂದ ಜೋಡಿಸಿ ಹರಡಿದರು. ತಾವು ಶಾಲೆ ಕಾಲೇಜುಗಳಲ್ಲಿದ್ದಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಎಂಬರ್ಥದ ಮಾತನ್ನು ಆಕೆ ಆಗ ಬಹಿರಂಗವಾಗಿ ಆಡಿದರು. ತಂದೆತಾಯಿಗಳು ಗಮನಿಸಬೇಕಾದದ್ದು ಈ ಮಾತನ್ನೇ. ಇಂಥದ್ದು ನಡೆದೊಡನೆ ಮಗಳ ಓದನ್ನು ಬಿಡಿಸುವರೆಂಬ ಭಯವಿದ್ದರೆ ಅವಳು ಮನೆಯಲ್ಲಿ ಬಾಯಿ ಬಿಡಲಾರಳು. ಬೆದರಿಸುವವನಿಗೆ ಆ ಮೌನವೇ ಬಂಡವಾಳ. ತಪ್ಪು ಚಿತ್ರವನ್ನು ಕೆಡಿಸಿದವನದು, ಅದರಲ್ಲಿರುವವಳದಲ್ಲ. ಅದನ್ನು ಬೇರೆ ಯಾರಿಗೂ ಕಳುಹಿಸದೆ, ಬಂದ ವಿಳಾಸ, ದಿನ, ವೇಳೆಗಳನ್ನು ಬರೆದಿಟ್ಟು, ಮಕ್ಕಳ ಸಹಾಯವಾಣಿ ೧೦೯೮ಕ್ಕೆ ಅಥವಾ ಸೈಬರ್ ಅಪರಾಧಗಳ ೧೯೩೦ಕ್ಕೆ ತಿಳಿಸತಕ್ಕದ್ದು.

ಪರರು ತೆಗೆದ ಚಿತ್ರಗಳನ್ನು ಬಳಸುವ ಬಗೆಗೆ ಒಂದು ಮಾತು. ಜಾಲದಲ್ಲಿ ಸಿಕ್ಕಿದ್ದೆಲ್ಲವೂ ದಾರಿಯಲ್ಲಿ ಬಿದ್ದ ಸೊತ್ತಲ್ಲ. ೧೯೫೭ರ ಕೃತಿಸ್ವಾಮ್ಯದ ಕಾಯಿದೆಯು ಛಾಯಾಚಿತ್ರಗಳಿಗೂ ಅನ್ವಯಿಸುವುದು; ತರಗತಿಯ ಪಾಠಕ್ಕೆ ಅದರಲ್ಲಿ ಸಡಿಲಿಕೆಯಿದ್ದರೂ, ಅಚ್ಚಿನ ಪುಸ್ತಕಕ್ಕೆ ಒಪ್ಪಿಗೆಯು ಬೇಕಾಗುವುದು. ವಿಕಿಮೀಡಿಯಾ ಕಾಮನ್ಸ್‌ನಂಥ ಭಂಡಾರಗಳಲ್ಲಿ ತೆಗೆದವರ ಹೆಸರನ್ನೂ ಅವರು ವಿಧಿಸಿದ ಷರತ್ತನ್ನೂ ಚಿತ್ರದ ಕೆಳಗೆಯೇ ಕೊಟ್ಟಿರುವರು.

ಪೂರ್ವವಿದ್ಯಾರ್ಥಿನಿಯರ ಪೆಟ್ಟಿಗೆಗಳಲ್ಲಿ ಶಾಲೆಯ ಹಳೆಯ ಗುಂಪುಚಿತ್ರಗಳು ಇದ್ದೇ ಇರುವುವು. ಅವುಗಳ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಿಂದ ವರ್ಷವನ್ನೂ, ಎಡದಿಂದ ಬಲಕ್ಕೆ ಕುಳಿತವರ ನಿಂತವರ ಹೆಸರುಗಳನ್ನೂ ಬರೆದು ಇಡಬೇಕೆಂದು ವಿನಂತಿ. ಜಾಲಕ್ಕೆ ಏರಿಸುವ ಮೊದಲು ಅದರಲ್ಲಿರುವ ಗೆಳತಿಯರನ್ನು ಒಂದು ಮಾತು ಕೇಳಿರಿ.